ಹ್ಯಾಲೊಜನ್ ತೆಗೆದು ಎಲ್‌ಇಡಿ: ಕಾರಿನ ಹೆಡ್‌ಲೈಟ್ ಮತ್ತು ಫಾಗ್ ಲ್ಯಾಂಪ್ ಬಲ್ಬು ಬದಲಿಸುವ ಸಮಗ್ರ ಮಾರ್ಗದರ್ಶಿ

ಎಲ್‌ಇಡಿ ಬಲ್ಬು ಹಾಕಿಸಿದವರಿಂದ ಕೇಳಿಬರುವ ದೂರುಗಳು ಬಹುಮಟ್ಟಿಗೆ ಒಂದೇ ಬಗೆಯವು. ಬಾನೆಟ್ಟಿನ ಮುಂದೆ ಹಾಲು ಚೆಲ್ಲಿದಂತೆ ಬೆಳಕಿದ್ದರೂ ದೂರದ ತಿರುವು ಕಾಣುವುದಿಲ್ಲ; ಲೋ ಬೀಮ್‌ನಲ್ಲೇ ಹೋಗುತ್ತಿದ್ದರೂ ಎದುರಿನವರು ಡಿಪ್ ಹೊಡೆಯುತ್ತಲೇ ಇರುತ್ತಾರೆ; ಮಳೆ ಶುರುವಾದರೆ ರಸ್ತೆಯೇ ಮಾಯವಾಗುತ್ತದೆ. ಇಷ್ಟಾದ ಮೇಲೆ ಹೆಚ್ಚಿನವರು ಬಲ್ಬನ್ನೇ ದೂರಿ, ಇನ್ನೂ ಹೆಚ್ಚು ವಾಟ್‌ನ ಇನ್ನೊಂದು ಜೋಡಿಯನ್ನು ತಂದು ತೊಂದರೆಯನ್ನು ಹೆಚ್ಚಿಸಿಕೊಳ್ಳುತ್ತಾರೆ. ತಪ್ಪು ನಡೆಯುವುದು ಸಾಮಾನ್ಯವಾಗಿ ಕೆಲಸದ ಕ್ರಮದಲ್ಲಿ. ಹಳೆಯ ಬೆಳಕು ಗೋಡೆಯ ಮೇಲೆ ಎಲ್ಲಿ, ಯಾವ ಆಕಾರದಲ್ಲಿ ಬೀಳುತ್ತಿತ್ತು ಎಂಬುದನ್ನು ಗುರುತು ಮಾಡಿಕೊಳ್ಳದೆ ಬಲ್ಬು ಕಳಚಿದವರಿಗೆ, ಹೊಸದು ಸರಿಯಾಗಿ ಕೂತಿದೆಯೋ ಇಲ್ಲವೋ ಎಂದು ತಿಳಿಯುವ ದಾರಿಯೇ ಇರುವುದಿಲ್ಲ.

ಈ ಮಾರ್ಗದರ್ಶಿ ಕಂಪನಿಯಿಂದಲೇ ಹ್ಯಾಲೊಜನ್ ಬಲ್ಬಿನೊಂದಿಗೆ ಬಂದಿರುವ 12 ವೋಲ್ಟ್ ಕಾರುಗಳಿಗೆ ಮಾತ್ರ ಅನ್ವಯಿಸುತ್ತದೆ. ಕಾರ್ಖಾನೆಯಲ್ಲೇ ಎಲ್‌ಇಡಿ ಅಳವಡಿಸಿರುವ ಹೆಡ್‌ಲೈಟುಗಳಲ್ಲಿ ಬಲ್ಬು ಬದಲಿಸುವ ಅವಕಾಶ ಸಾಮಾನ್ಯವಾಗಿ ಇರುವುದಿಲ್ಲ.

## ಕೈ ಹಾಕುವ ಮೊದಲು: ನಿಯಮ ಏನು ಹೇಳುತ್ತದೆ

ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 106ನೇ ನಿಯಮದ ಪ್ರಕಾರ ಮುಂದಿನ ದೀಪದ ಬೆಳಕು ಸದಾ ಕೆಳಮುಖವಾಗಿರಬೇಕು ಅಥವಾ ಚಾಲಕ ಅದನ್ನು ಕೆಳಕ್ಕೆ ಇಳಿಸಲು ಬರುವಂತಿರಬೇಕು. ದೀಪದಿಂದ 8 ಮೀಟರ್ ಮುಂದೆ, ವಾಹನದ ಬಲ ಅಂಚಿನಿಂದ ಅರ್ಧ ಮೀಟರ್ ಬಲಕ್ಕೆ, ನೆಲದಿಂದ 1.5 ಮೀಟರ್ ಎತ್ತರದಲ್ಲಿರುವ ಕಣ್ಣಿಗೆ ಅದು ಕೋರೈಸಬಾರದು. ಈ ಅಳತೆಗಳನ್ನು ನೆನಪಿಡಿ, ಏಳನೇ ಹಂತದಲ್ಲಿ ಇವೇ ನಮ್ಮ ಪರೀಕ್ಷೆಯಾಗುತ್ತವೆ. ಮುಂಭಾಗಕ್ಕೆ ಸ್ಪಾಟ್‌ಲೈಟ್ ಹಾಕುವುದನ್ನು 111ನೇ ನಿಯಮ ನಿರ್ಬಂಧಿಸುತ್ತದೆ. ಹ್ಯಾಲೊಜನ್‌ಗೆಂದು ಅನುಮೋದನೆ ಪಡೆದ ಹೆಡ್‌ಲೈಟಿಗೆ ಎಲ್‌ಇಡಿ ಬಲ್ಬು ಹಾಕಿದರೆ ಆ ಅನುಮೋದನೆ ಹೊಸ ಬಲ್ಬಿಗೆ ತಾನಾಗಿ ಅನ್ವಯಿಸುವುದಿಲ್ಲ ಎಂಬುದೂ ತಿಳಿದಿರಲಿ. ಕಣ್ಣು ಕೋರೈಸುವ ಎಲ್‌ಇಡಿ ದೀಪಗಳ ವಿರುದ್ಧ ಕರ್ನಾಟಕ ಪೊಲೀಸರು 2024ರ ಜುಲೈನಿಂದ ಮೋಟಾರು ವಾಹನ ಕಾಯ್ದೆಯ 177ನೇ ಸೆಕ್ಷನ್ ಅಡಿ ಪ್ರಕರಣ ದಾಖಲಿಸುವ ವಿಶೇಷ ಕಾರ್ಯಾಚರಣೆಯನ್ನೂ ಆರಂಭಿಸಿದ್ದರು. ವಾರಂಟಿ ಅವಧಿಯಲ್ಲಿರುವ ಕಾರಿನ ವೈರಿಂಗ್‌ ಅನ್ನು ಕತ್ತರಿಸಿದರೆ ವಾರಂಟಿಯೂ ಕೈಬಿಟ್ಟು ಹೋಗಬಹುದು.

## ಹಂತ 1: ದೋಷ ಬಲ್ಬಿನದ್ದೇ ಎಂದು ಖಚಿತಪಡಿಸಿಕೊಳ್ಳಿ

ಬೆಳಕು ಸಾಲದು ಎನ್ನುವ ಹಳೆಯ ಕಾರುಗಳಲ್ಲಿ ಅನೇಕಕ್ಕೆ ಎಲ್‌ಇಡಿ ಬೇಕಾಗಿಯೇ ಇರುವುದಿಲ್ಲ. ಮೊದಲು ಹೆಡ್‌ಲೈಟಿನ ಹೊರ ಪ್ಲಾಸ್ಟಿಕ್ಕನ್ನು ಹಗಲು ಬೆಳಕಿನಲ್ಲಿ ನೋಡಿ. ಅದು ಹಳದಿಗಟ್ಟಿದ್ದರೆ ಅಥವಾ ಮಂಕಾಗಿದ್ದರೆ ಯಾವ ಬಲ್ಬು ಹಾಕಿದರೂ ಬೆಳಕು ಒಳಗೇ ಚದುರುತ್ತದೆ. ಎಲ್‌ಇಡಿ ಹಾಕಿದಾಗಲಂತೂ ಆ ಮಂಕು ಪದರವೇ ಹೊಳೆದು ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಪಾಲಿಶ್ ಮಾಡಿಸಿದ ಮೇಲೆಯೇ ಮುಂದಿನ ಮಾತು. ಒಳಗಿನ ರಿಫ್ಲೆಕ್ಟರ್‌ನ ಬೆಳ್ಳಿ ಲೇಪ ಸುಟ್ಟು ಕಂದಿದ್ದರೆ ಇಡೀ ಹೆಡ್‌ಲೈಟನ್ನೇ ಬದಲಿಸಬೇಕಾಗುತ್ತದೆ.

ಎರಡನೆಯದು ವೋಲ್ಟೇಜ್. ಎಂಜಿನ್ ಚಾಲೂ ಇದ್ದು ಹೆಡ್‌ಲೈಟ್ ಉರಿಯುತ್ತಿರುವಾಗ ಬ್ಯಾಟರಿಯ ಮೇಲೆ ಸಾಮಾನ್ಯವಾಗಿ 13.8ರಿಂದ 14.4 ವೋಲ್ಟ್ ಇರುತ್ತದೆ. ಅದೇ ಸ್ಥಿತಿಯಲ್ಲಿ ಮಲ್ಟಿಮೀಟರಿನ ಕಡ್ಡಿಗಳನ್ನು ಬಲ್ಬಿನ ಹೋಲ್ಡರ್ ಹಿಂಬದಿಗೆ ಮುಟ್ಟಿಸಿ ಅಳೆಯಿರಿ. ಎರಡರ ನಡುವೆ ಒಂದು ವೋಲ್ಟಿಗಿಂತ ಹೆಚ್ಚು ವ್ಯತ್ಯಾಸ ಕಂಡರೆ ಅರ್ತ್ ವೈರು, ತುಕ್ಕು ಹಿಡಿದ ಹೋಲ್ಡರ್ ಅಥವಾ ಸ್ವಿಚ್ ಕಡೆ ದೋಷವಿದೆ. ಹ್ಯಾಲೊಜನ್ ಬಲ್ಬಿಗೆ ಸಿಗುವ ವೋಲ್ಟೇಜ್ ಶೇ. 10ರಷ್ಟು ಇಳಿದರೆ ಬೆಳಕು ಸುಮಾರು ಶೇ. 30ರಷ್ಟು ಇಳಿಯುತ್ತದೆ, ಹೀಗಾಗಿ ಅರ್ತ್ ಬೋಲ್ಟನ್ನು ಉಜ್ಜಿ ಬಿಗಿಗೊಳಿಸಿದರಷ್ಟಕ್ಕೇ ಕೆಲವು ಕಾರುಗಳಲ್ಲಿ ರಸ್ತೆ ಮತ್ತೆ ಕಾಣತೊಡಗುತ್ತದೆ.

ಹಿಂದಿನ ಮಾಲೀಕರು ಕಂಪನಿಯದಕ್ಕಿಂತ ಹೆಚ್ಚು ಶಕ್ತಿಯ, 100/90 ವಾಟ್‌ನ ಬಲ್ಬು ಹಾಕಿದ್ದರೇ ಎಂಬುದನ್ನೂ ನೋಡಿ. ಹೋಲ್ಡರಿನ ಪ್ಲಾಸ್ಟಿಕ್ ಕಂದಾಗಿ, ಕರಗಿ, ಸುಟ್ಟ ವಾಸನೆ ಬರುತ್ತಿದ್ದರೆ ಹೊಸ ಹೋಲ್ಡರ್ ಹಾಕಿಸದೆ ಮುಂದುವರಿಯಬಾರದು.

## ಹಂತ 2: ಬಲ್ಬಿನ ಸಂಖ್ಯೆ ಮತ್ತು ಹೆಡ್‌ಲೈಟಿನ ಬಗೆ ತಿಳಿಯಿರಿ

ಕಾರಿನ ಕೈಪಿಡಿಯಲ್ಲಿ ಅಥವಾ ಹಳೆಯ ಬಲ್ಬಿನ ಲೋಹದ ತಳದಲ್ಲಿ ಸಂಖ್ಯೆ ಇರುತ್ತದೆ. ಆಲ್ಟೊ, ವ್ಯಾಗನ್ ಆರ್, ಬೊಲೆರೊ ತರಹದ ವಾಹನಗಳಲ್ಲಿ ಸಾಮಾನ್ಯವಾಗಿ ಸಿಗುವುದು ಎಚ್‌4, ಅಂದರೆ ಲೋ ಮತ್ತು ಹೈ ಎರಡೂ ಒಂದೇ ಬಲ್ಬಿನಲ್ಲಿರುವ 60/55 ವಾಟ್‌ನ ಬಲ್ಬು. ಎಚ್‌7, ಎಚ್‌11, ಎಚ್‌ಬಿ3 ಇವುಗಳಲ್ಲಿ ಒಂದೊಂದೇ ಫಿಲಮೆಂಟ್ (ಉರಿಯುವ ತಂತಿ) ಇರುತ್ತದೆ. ಒಂದೇ ಮಾದರಿಯ ಕಾರಿನಲ್ಲೂ ವರ್ಷ ಮತ್ತು ವೇರಿಯಂಟ್ ಬದಲಾದಂತೆ ಬಲ್ಬು ಬದಲಾಗುವುದರಿಂದ ಅಂಗಡಿಯವರ ನೆನಪನ್ನು ನಂಬಬೇಡಿ, ವಾಹನದ ಬಿಡಿಭಾಗಗಳಿಗೆ ಹೆಸರಾದ ಬೆಂಗಳೂರಿನ ಜೆ.ಸಿ. ರಸ್ತೆಗೇ ಹೋದರೂ ಹಳೆಯ ಬಲ್ಬನ್ನು ಜೇಬಿನಲ್ಲಿಟ್ಟುಕೊಂಡೇ ಹೋಗಿ.

ಬಲ್ಬಿನ ಸಂಖ್ಯೆಗಿಂತ ಮುಖ್ಯವಾದದ್ದು ಹೆಡ್‌ಲೈಟಿನ ಬಗೆ. ಬಲ್ಬಿನ ಮುಂದೆ ದಪ್ಪ ಗಾಜಿನ ಗುಂಡು ಕಂಡರೆ ಅದು ಪ್ರೊಜೆಕ್ಟರ್. ಅದರ ಒಳಗೇ ಬೆಳಕನ್ನು ಕತ್ತರಿಸುವ ತಗಡು ಇರುವುದರಿಂದ ಎಲ್‌ಇಡಿ ಹಾಕಿದರೂ ಕಟ್-ಆಫ್ ಗೆರೆ, ಅಂದರೆ ಬೆಳಕಿನ ಹರಿತವಾದ ಮೇಲಂಚು, ಬಹುತೇಕ ಉಳಿಯುತ್ತದೆ. ಕನ್ನಡಿಯಂಥ ಬಟ್ಟಲು ಮಾತ್ರ ಕಂಡರೆ ಅದು ರಿಫ್ಲೆಕ್ಟರ್. ಕಷ್ಟವೆಲ್ಲ ಇಲ್ಲಿಯೇ.

ಎಚ್‌4 ಬಲ್ಬನ್ನು ಬೆಳಕಿಗೆ ಹಿಡಿದು ನೋಡಿದರೆ ಲೋ ಬೀಮ್ ಫಿಲಮೆಂಟಿನ ಅಡಿಯಲ್ಲಿ ಪುಟ್ಟ ಲೋಹದ ತೊಟ್ಟಿಲಿನ ಆಕಾರದ ತಗಡು ಕಾಣುತ್ತದೆ. ಕೆಳಕ್ಕೆ ಹೋಗುವ ಬೆಳಕನ್ನು ಅದು ತಡೆಯುವುದರಿಂದ ರಿಫ್ಲೆಕ್ಟರಿನ ಮೇಲರ್ಧ ಮಾತ್ರ ಬೆಳಗುತ್ತದೆ, ಮೇಲರ್ಧಕ್ಕೆ ಬಡಿದ ಬೆಳಕು ಕೆಳಗಿನ ರಸ್ತೆಯ ಮೇಲೆ ಬೀಳುತ್ತದೆ. ಸುಮಾರು 5 ಮಿಲಿಮೀಟರ್ ಉದ್ದದ ಆ ಫಿಲಮೆಂಟ್ ಎಲ್ಲಿದೆಯೋ ಎಲ್‌ಇಡಿ ಚಿಪ್ಪುಗಳೂ ಅಲ್ಲಿಯೇ ಇರಬೇಕು. ಒಂದೆರಡು ಮಿಲಿಮೀಟರ್ ಆಚೀಚೆ ಆದರೂ ಕಟ್-ಆಫ್ ಗೆರೆ ಕದಡಿ, ಬೆಳಕು ಮೇಲಕ್ಕೆ ಸೋರುತ್ತದೆ.

## ಹಂತ 3: ಬಲ್ಬಿನ ಆಯ್ಕೆ

ಪೆಟ್ಟಿಗೆಯ ಮೇಲೆ ಮುದ್ರಿಸಿದ ಲೂಮೆನ್ (ಬೆಳಕಿನ ಪ್ರಮಾಣದ ಅಳತೆ) ಸಂಖ್ಯೆಯನ್ನು ಪಕ್ಕಕ್ಕಿಡಿ. 13.2 ವೋಲ್ಟಿನಲ್ಲಿ ಎಚ್‌4 ಹ್ಯಾಲೊಜನ್ ಲೋ ಬೀಮ್‌ನಲ್ಲಿ ಸುಮಾರು 1000, ಹೈ ಬೀಮ್‌ನಲ್ಲಿ ಸುಮಾರು 1650 ಲೂಮೆನ್ ಕೊಡುತ್ತದೆ. ಅಷ್ಟೇ ದಪ್ಪದ ಜಾಗದಲ್ಲಿ ಕೂರುವ ಬಲ್ಬೊಂದು 20,000 ಲೂಮೆನ್ ಕೊಡುತ್ತದೆ ಎಂದರೆ ಅದು ಜಾಹೀರಾತು. ಪ್ರತಿ ಬಲ್ಬಿಗೆ 20ರಿಂದ 30 ವಾಟ್ ನಿಜವಾಗಿ ಎಳೆಯುವಂಥದ್ದು ಸಾಕು.

ಕೊಳ್ಳುವಾಗ ಹಳೆಯ ಹ್ಯಾಲೊಜನ್ನನ್ನೂ ಎಲ್‌ಇಡಿಯನ್ನೂ ತಳದ ಬಿಲ್ಲೆ ಒಂದೇ ಸಾಲಿಗೆ ಬರುವಂತೆ ಅಕ್ಕಪಕ್ಕ ಹಿಡಿಯಿರಿ. ಫಿಲಮೆಂಟ್ ಶುರುವಾಗುವಲ್ಲಿ ಚಿಪ್ ಶುರುವಾಗಿ, ಮುಗಿಯುವಲ್ಲಿ ಮುಗಿಯಬೇಕು. ಎರಡು ಬದಿಯ ಚಿಪ್ಪುಗಳ ನಡುವಿನ ಹಲಗೆ ಎಷ್ಟು ತೆಳ್ಳಗಿದ್ದರೆ ಅಷ್ಟು ಒಳ್ಳೆಯದು, ಏಕೆಂದರೆ ಫಿಲಮೆಂಟ್ ಸಹ ತೆಳು. ನಾಲ್ಕು ದಿಕ್ಕಿಗೂ ಚಿಪ್ ಇರುವ ಬಲ್ಬನ್ನು ರಿಫ್ಲೆಕ್ಟರ್ ಹೆಡ್‌ಲೈಟಿಗೆ ಹಾಕಬೇಡಿ. ಎಚ್‌4 ಆದರೆ ಲೋ ಬೀಮ್ ಚಿಪ್ಪಿನ ಅಡಿ ಮೇಲೆ ಹೇಳಿದ ತಗಡು ಇದೆಯೇ ನೋಡಿ. ಇಲ್ಲದಿದ್ದರೆ ಬೆಲೆ ಎಷ್ಟೇ ಕಡಿಮೆ ಇರಲಿ, ವಾಪಸು ಇಡಿ.

ಬಣ್ಣದ ವಿಷಯದಲ್ಲಿ ಹ್ಯಾಲೊಜನ್ ಸುಮಾರು 3200 ಕೆಲ್ವಿನ್ (ಈ ಅಂಕಿ ಏರಿದಷ್ಟೂ ಬೆಳಕು ಹಳದಿಯಿಂದ ಬಿಳಿಗೆ, ನೀಲಿಗೆ ತಿರುಗುತ್ತದೆ) ಇದ್ದರೆ, ಮಾರುಕಟ್ಟೆಯ ಹೆಚ್ಚಿನ ಎಲ್‌ಇಡಿಗಳು 6000ರಿಂದ 6500 ಕೆಲ್ವಿನ್ ಇರುತ್ತವೆ. ನಮ್ಮ ಮಳೆಗಾಲಕ್ಕೆ ನಾನು ಹೇಳುವುದು 4300ರಿಂದ 5000 ಕೆಲ್ವಿನ್ ನಡುವಿನದ್ದು. ನೀಲಿ ಛಾಯೆ ಇರುವುದನ್ನು ಮುಟ್ಟಲೇಬೇಡಿ.

## ಹಂತ 4: ಸಲಕರಣೆಗಳನ್ನು ಜೋಡಿಸಿಕೊಳ್ಳಿ

ಮಲ್ಟಿಮೀಟರ್, ಸ್ಟಾರ್ ಸ್ಕ್ರೂಡ್ರೈವರ್, 10ರ ಸ್ಪ್ಯಾನರ್, ಬಲ್ಬಿನ ಕಾಲರ್ (ಬಲ್ಬನ್ನು ಹಿಡಿದಿಡುವ ಲೋಹದ ಬಳೆ) ಸಡಿಲಿಸುವ ಸಣ್ಣ ಅಲೆನ್ ಕೀ, ಅಳತೆ ಟೇಪ್, ಮಾಸ್ಕಿಂಗ್ ಟೇಪ್, ಒಂದು ದೊಡ್ಡ ರಟ್ಟು, ಕೈಗವಸು, ಕೇಬಲ್ ಟೈ ಮತ್ತು ಟಾರ್ಚ್ ಬೇಕು. ಫಾಗ್ ಲ್ಯಾಂಪಿಗೆ ಪ್ಲಾಸ್ಟಿಕ್ ಕ್ಲಿಪ್ ಕೀಳುವ ಸಾಧನ ಮತ್ತು ಜ್ಯಾಕ್ ಸ್ಟ್ಯಾಂಡ್ ಸಹ ಇರಲಿ. ಎಲ್‌ಇಡಿ ಹ್ಯಾಲೊಜನ್‌ಗಿಂತ ಕಡಿಮೆ ಕರೆಂಟ್ ಎಳೆಯುವುದರಿಂದ ಹೊಸ ರಿಲೇ ವೈರಿಂಗ್ ಬೇಕಾಗುವುದಿಲ್ಲ. ಬೇಕೇ ಬೇಕು ಎನ್ನುವ ಅಂಗಡಿಯಲ್ಲಿ ಕಾರಣ ಕೇಳಿ.

## ಹಂತ 5: ಗೋಡೆಯ ಮೇಲೆ ಹಳೆಯ ಬೆಳಕನ್ನು ಗುರುತಿಸಿ

ಈ ಹಂತವನ್ನು ಬಿಟ್ಟವರೇ ಹೆಚ್ಚು. ಸಮತಟ್ಟಾದ ನೆಲದ ಮೇಲೆ, ಗೋಡೆಗೆ ನೇರವಾಗಿ ಎದುರಾಗಿ, ಹೆಡ್‌ಲೈಟಿನಿಂದ ಗೋಡೆಗೆ ಸರಿಯಾಗಿ 5 ಮೀಟರ್ ಇರುವಂತೆ ಕಾರು ನಿಲ್ಲಿಸಿ. ಟೈರುಗಳಲ್ಲಿ ಗಾಳಿ ಸರಿಯಾಗಿರಲಿ, ಡ್ರೈವರ್ ಸೀಟಿನಲ್ಲಿ ಒಬ್ಬರು ಕೂತಿರಲಿ, ಡಿಕ್ಕಿಯಲ್ಲಿ ಭಾರವಿರದಿರಲಿ, ಹೆಡ್‌ಲೈಟ್ ಎತ್ತರ ಬದಲಿಸುವ ಚಕ್ರವಿದ್ದರೆ ಅದು ಸೊನ್ನೆಯಲ್ಲಿರಲಿ.

ಹೆಡ್‌ಲೈಟಿನ ನಡುಬಿಂದು ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂದು ಅಳೆದು, ಗೋಡೆಯ ಮೇಲೆ ಅದೇ ಎತ್ತರಕ್ಕೆ ಟೇಪಿನ ಅಡ್ಡಗೆರೆ ಎಳೆಯಿರಿ. ಎರಡೂ ದೀಪಗಳ ನಡುಬಿಂದುವಿಗೆ ಲಂಬಗೆರೆಗಳನ್ನೂ ಹಾಕಿ. ಈಗ ಲೋ ಬೀಮ್ ಹಾಕಿ, ಒಂದು ದೀಪದ ಮುಂದೆ ರಟ್ಟು ಹಿಡಿದು ಇನ್ನೊಂದನ್ನು ಮಾತ್ರ ನೋಡಿ. (ಉರಿಯುವ ಹ್ಯಾಲೊಜನ್ ದೀಪದ ಮೇಲೆ ಬಟ್ಟೆ ಹೊದಿಸಿಡಬಾರದು, ಶಾಖಕ್ಕೆ ಪ್ಲಾಸ್ಟಿಕ್ ಕೆಡುತ್ತದೆ.) ಬೆಳಕಿನ ಮೇಲಂಚು ಬಲಗಡೆ ಸಮತಲವಾಗಿದ್ದು, ಎಡಕ್ಕೆ ಮೇಲೇರಬೇಕು. ನಾವು ರಸ್ತೆಯ ಎಡಬದಿಯಲ್ಲಿ ಹೋಗುವುದರಿಂದ ಎಡ ಅಂಚಿಗೆ ಹೆಚ್ಚು ಬೆಳಕು, ಬಲದಿಂದ ಬರುವವರ ಕಣ್ಣಿಗೆ ಕಡಿಮೆ ಎಂಬುದು ಇದರ ಲೆಕ್ಕ.

ಆ ಮೇಲಂಚಿನ ಉದ್ದಕ್ಕೂ ಟೇಪ್ ಅಂಟಿಸಿ, ಅತಿ ಹೆಚ್ಚು ಹೊಳೆಯುವ ಜಾಗಕ್ಕೂ ಗುರುತು ಹಾಕಿ, ಮೊಬೈಲಿನಲ್ಲಿ ಫೋಟೊ ತೆಗೆದಿಡಿ. ಬೆಳಕು ಎಷ್ಟು ಕೆಳಕ್ಕೆ ಬಾಗಿರಬೇಕು ಎಂಬುದಕ್ಕೆ ಹೆಡ್‌ಲೈಟಿನ ಮೇಲೆ ಶೇ. 1 ಎಂದು ಮುದ್ರಿಸಿದ್ದರೆ ಸಮತಲ ಅಂಚು 5 ಮೀಟರಿನಲ್ಲಿ ನಡುಬಿಂದುವಿಗಿಂತ 5 ಸೆಂಟಿಮೀಟರ್ ಕೆಳಗಿರಬೇಕು. ದೀಪ 70 ಸೆಂಟಿಮೀಟರ್ ಎತ್ತರದಲ್ಲಿದ್ದರೆ ಗೆರೆ 65ರಲ್ಲಿ. ಹಾಗಿಲ್ಲದಿದ್ದರೆ ಹ್ಯಾಲೊಜನ್ ಇರುವಾಗಲೇ ಹೊಂದಿಸಿ, ಆಮೇಲೆ ಗುರುತು ಹಾಕಿ.

## ಹಂತ 6: ಒಂದೇ ಕಡೆಯ ಬಲ್ಬು ಬದಲಿಸಿ

ಎರಡನ್ನೂ ಒಟ್ಟಿಗೆ ಕಳಚಬೇಡಿ. ಬಲಗಡೆಯ ದೀಪದಿಂದ ಶುರುಮಾಡಿ: ಎದುರಿನ ವಾಹನಕ್ಕೆ ಹತ್ತಿರವಿರುವುದು ಅದೇ, ಎಡಗಡೆ ಉಳಿದ ಹ್ಯಾಲೊಜನ್ ಹೋಲಿಕೆಗೆ ಸಿಗುತ್ತದೆ.

ದೀಪ ಆರಿಸಿ ಹತ್ತು ನಿಮಿಷವಾದರೂ ತಣಿಯಲು ಬಿಡಿ. ಬ್ಯಾಟರಿಯ ನೆಗೆಟಿವ್ ತೆಗೆದಿಡುವುದು ಒಳ್ಳೆಯದು. ಹೋಲ್ಡರನ್ನು ವೈರು ಹಿಡಿದು ಎಳೆಯದೆ, ಅದರ ಮೈ ಹಿಡಿದು ಅಲುಗಿಸುತ್ತ ಕಳಚಿ. ರಬ್ಬರ್ ಕವರ್ ತೆಗೆದರೆ ತಂತಿಯ ಸ್ಪ್ರಿಂಗ್ ಕಾಣುತ್ತದೆ. ಅದನ್ನು ಒತ್ತಿ ಪಕ್ಕಕ್ಕೆ ಸರಿಸಿ ಬಲ್ಬನ್ನು ಈಚೆ ತನ್ನಿ. ಹ್ಯಾಲೊಜನ್ನಿನ ಗಾಜನ್ನು ಬರಿಗೈಯಲ್ಲಿ ಮುಟ್ಟಬೇಡಿ, ಅದನ್ನು ಮತ್ತೆ ಹಾಕಬೇಕಾಗಿ ಬರಬಹುದು.

ಎಚ್‌4 ಎಲ್‌ಇಡಿಯ ಲೋಹದ ಕಾಲರನ್ನು ಮೊದಲು ಬೇರ್ಪಡಿಸಿ ಹೆಡ್‌ಲೈಟಿನಲ್ಲಿ ಕೂರಿಸಿ. ಅದರ ಮೂರು ಕಿವಿಗಳು ಒಂದೇ ರೀತಿಯಲ್ಲಿ ಕೂರುತ್ತವೆ. ಸ್ಪ್ರಿಂಗ್ ಬಿಗಿದು, ರಬ್ಬರ್ ಕವರ್ ಹಾಕಿ, ಆಮೇಲೆ ಬಲ್ಬನ್ನು ಒಳಕ್ಕೆ ತೂರಿಸಿ ತಿರುಗಿಸಿ. ಕಾಲರ್ ಅಲ್ಲಾಡಿದರೆ ಬೆಳಕೂ ಅಲ್ಲಾಡುತ್ತದೆ. ಎಚ್‌7, ಎಚ್‌11 ಬಲ್ಬುಗಳಲ್ಲಿ ಚಿಪ್ಪುಗಳು ಮೇಲೆ-ಕೆಳಗೆ ನೋಡಬಾರದು. ಗಡಿಯಾರದ ಮೂರು ಮತ್ತು ಒಂಬತ್ತು ಗಂಟೆಯ ದಿಕ್ಕಿಗೆ, ಅಂದರೆ ಎಡಕ್ಕೂ ಬಲಕ್ಕೂ ನೋಡುತ್ತಿರಬೇಕು.

ಹಿಂಭಾಗದ ಫ್ಯಾನ್ ಕವರಿಗೆ ತಾಗಿದರೆ ಬಲ್ಬು ಬಿಸಿಯಾಗಿ ಬೇಗ ಸಾಯುತ್ತದೆ. ಇದಕ್ಕಾಗಿ ರಬ್ಬರ್ ಕವರಿಗೆ ತೂತು ಕೊರೆಯುವುದು ನಮ್ಮಲ್ಲಿ ಸಾಮಾನ್ಯ. ಮೊದಲ ಮಳೆಗೇ ಹೆಡ್‌ಲೈಟಿನೊಳಗೆ ನೀರು ಕಾಣುವುದೂ ಅಷ್ಟೇ ಸಾಮಾನ್ಯ. ಕವರ್ ಕತ್ತರಿಸದೆ ಕೂರುವ ಗಿಡ್ಡ ಬಲ್ಬನ್ನೇ ಆರಿಸಿ. ಎಲ್‌ಇಡಿಗೆ ಕರೆಂಟ್ ಹೊಂದಿಸಿ ಕೊಡುವ ಡ್ರೈವರ್ ಪೆಟ್ಟಿಗೆ ಬೇರೆಯಾಗಿದ್ದರೆ ಅದನ್ನು ಎಂಜಿನ್ನಿನ ಬಿಸಿಯಿಂದ, ರೇಡಿಯೇಟರ್ ಫ್ಯಾನಿನಿಂದ ದೂರ ಕೇಬಲ್ ಟೈ ಹಾಕಿ ಕಟ್ಟಿ.

ಬಲ್ಬು ಹತ್ತದಿದ್ದರೆ ಗಾಬರಿ ಬೇಡ. ಹ್ಯಾಲೊಜನ್‌ಗೆ ಪ್ಲಸ್-ಮೈನಸ್ ಎಂಬ ಭೇದವಿಲ್ಲ, ಎಲ್‌ಇಡಿಗೆ ಇರಬಹುದು. ಎಚ್‌7, ಎಚ್‌11 ಹೋಲ್ಡರ್ ತಿರುಗಿಸಿ ಹಾಕಲು ಬರುವಂತಿದ್ದರೆ ಹಾಗೆ ಹಾಕಿ ನೋಡಿ. ಎಚ್‌4ನಲ್ಲಿ ಕೆಲವು ಕಾರುಗಳು ಪ್ಲಸ್ ಬದಲಿಗೆ ಅರ್ತ್ ಕಡೆಯನ್ನು ಸ್ವಿಚ್ ಮಾಡುತ್ತವೆ. ಅಂಥ ಕಾರಿನಲ್ಲಿ ಎರಡೂ ಬಗೆಯ ವೈರಿಂಗಿಗೆ ಹೊಂದುವ ಎಲ್‌ಇಡಿಯೇ ಬೇಕು. ಇಲ್ಲವಾದರೆ ಬಲ್ಬು ಹತ್ತದೇ ಹೋಗಬಹುದು ಅಥವಾ ಡ್ಯಾಶ್‌ಬೋರ್ಡಿನ ಹೈ ಬೀಮ್ ಸೂಚಕ ಸದಾ ಮಿಣಮಿಣ ಉರಿಯಬಹುದು.

## ಹಂತ 7: ಗೋಡೆಯ ಮೇಲೆ ತೀರ್ಪು

ಬ್ಯಾಟರಿ ಜೋಡಿಸಿ, ಕಾರನ್ನು ಅದೇ ಜಾಗದಲ್ಲಿಟ್ಟು ಲೋ ಬೀಮ್ ಹಾಕಿ. ಬೆಳಕು ಎಷ್ಟಿದೆ ಎಂದು ನೋಡಬೇಡಿ, ಅಂಚು ಎಲ್ಲಿದೆ ಎಂದು ನೋಡಿ.

ಅಂಚು ಟೇಪಿನ ಮೇಲೇ ಇದ್ದು, ಹೊಳಪಿನ ಬಿಂದು ಹಳೆಯ ಗುರುತಿನ ಸುತ್ತಲೇ ಬಿದ್ದಿದ್ದರೆ ಕೆಲಸ ಸರಿಯಾಗಿದೆ. ಅಂಚು ಇದ್ದರೂ ಓರೆಯಾಗಿದ್ದರೆ ಅಥವಾ ಮೇಲೆ ಮಸುಕಾಗಿ ಸೋರುತ್ತಿದ್ದರೆ, ಕಾಲರಿನ ಸ್ಕ್ರೂ ಸಡಿಲಿಸಿ ಬಲ್ಬನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಗೋಡೆಯನ್ನು ನೋಡಿ; ಗೆರೆ ಹರಿತವಾದ ಜಾಗದಲ್ಲಿ ಬಿಗಿಗೊಳಿಸಿ. ಹೊಳಪಿನ ಬಿಂದು ಕೆಳಕ್ಕೆ ಜಾರಿ ಚದುರಿಹೋಗಿದ್ದರೆ ಬೆಳಕು ಕಾರಿನ ಹತ್ತಿರವೇ ಬೀಳುತ್ತಿದೆ ಎಂದರ್ಥ. ಕಣ್ಣಿಗೆ ಪ್ರಖರವೆನಿಸಿದರೂ ಹೆದ್ದಾರಿಯಲ್ಲಿ ಇಂಥ ಬಲ್ಬು ಹ್ಯಾಲೊಜನ್‌ಗಿಂತ ಕಡೆ. ಅಂಚೇ ಇಲ್ಲದಿದ್ದರೆ ಬಲ್ಬನ್ನು ಕಳಚಿ ಹಿಂದಿರುಗಿಸಿ. ಕೋರೈಸುವುದನ್ನು ತಪ್ಪಿಸಲು ಹೆಡ್‌ಲೈಟನ್ನೇ ಕೆಳಕ್ಕೆ ಬಗ್ಗಿಸುವ ಉಪಾಯವನ್ನು ಅನೇಕ ಅಂಗಡಿಗಳಲ್ಲಿ ಹೇಳುತ್ತಾರೆ. ಅದರಿಂದ ನಿಮ್ಮ ದೂರದ ನೋಟ ಹೋಗುತ್ತದೆಯೇ ಹೊರತು ಸೋರುವ ಬೆಳಕು ನಿಲ್ಲುವುದಿಲ್ಲ.

ಗೋಡೆಯ ಪರೀಕ್ಷೆ ಗೆದ್ದ ಮೇಲೆ ಎಡಗಡೆಯದನ್ನೂ ಬದಲಿಸಿ, ಕಾರನ್ನು ಬಯಲಿಗೆ ತಂದು ನಿಯಮದ ಅಳತೆಯಲ್ಲೇ ನೋಡಿ: 8 ಮೀಟರ್ ಮುಂದೆ, ಕಾರಿನ ಬಲ ಅಂಚಿನಿಂದ ಅರ್ಧ ಮೀಟರ್ ಆಚೆ, ಕಣ್ಣು 1.5 ಮೀಟರ್ ಎತ್ತರಕ್ಕೆ ಬರುವಂತೆ ನಿಂತುಕೊಳ್ಳಿ. ಹೆಡ್‌ಲೈಟ್ ಹೊಳೆಯುವುದು ಸಹಜ, ಆದರೆ ಕಣ್ಣು ಕಿರಿದಾಗಿಸದೆ ಕಾರಿನ ನಂಬರ್ ಪ್ಲೇಟ್ ಕಡೆ ನೋಡಲು ಆಗಬೇಕು.

ಇನ್ನೊಂದು ಪರೀಕ್ಷೆಗೆ ಮೊಬೈಲಿನ ಲಕ್ಸ್ ಮೀಟರ್ ಆ್ಯಪ್ ಸಾಕು. ಮೊಬೈಲನ್ನು ಹೊಳಪಿನ ಬಿಂದುವಿನಲ್ಲಿಟ್ಟು ದೀಪ ಹತ್ತಿದ ಒಂದು ನಿಮಿಷಕ್ಕೆ ಮತ್ತು ಇಪ್ಪತ್ತು ನಿಮಿಷಕ್ಕೆ ಓದಿಕೊಳ್ಳಿ. ಎಲ್‌ಇಡಿ ಬಿಸಿಯಾದಂತೆ ಸ್ವಲ್ಪ ಮಂಕಾಗುತ್ತದೆ. ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಇಳಿದರೆ ಅದರ ಶಾಖ ಹೊರಹೋಗುತ್ತಿಲ್ಲ, ಅದನ್ನು ಉಳಿಸಿಕೊಳ್ಳಬೇಡಿ ಎಂಬುದು ನನ್ನ ಸಲಹೆ.

## ಹಂತ 8: ಫಾಗ್ ಲ್ಯಾಂಪ್

ಚಾರ್ಮಾಡಿ, ಆಗುಂಬೆ, ಮಡಿಕೇರಿಯ ಮಂಜಿನಲ್ಲಿ ಫಾಗ್ ಲ್ಯಾಂಪ್ ಉಪಯೋಗಕ್ಕೆ ಬರುವುದು ಅದರ ತಗ್ಗು ಎತ್ತರ ಮತ್ತು ಅಗಲವಾಗಿ, ಚಪ್ಪಟೆಯಾಗಿ ಹರಡುವ ಬೆಳಕಿನಿಂದ. ಮಂಜಿನ ಹನಿಗಳಿಂದ ಹಿಂದಿರುಗುವ ಬೆಳಕು ಕಣ್ಣಿಗೆ ಬೀಳದಿರಲು ಬೆಳಕು ಮೇಲಕ್ಕೆ ಹೋಗಬಾರದು. ಸೋರುವ ಎಲ್‌ಇಡಿ ಹಾಕಿದರೆ ಈ ಗುಣವೇ ಹಾಳು. ಹಳದಿ ಬಣ್ಣದ, ಸುಮಾರು 3000 ಕೆಲ್ವಿನ್ನಿನ ಬಲ್ಬು ಕಣ್ಣಿಗೆ ಹಿತ ಎಂಬ ಕಾರಣಕ್ಕೆ ನಾನು ಅದನ್ನೇ ಆರಿಸುತ್ತೇನೆ. ಮಂಜನ್ನು ಹಳದಿ ಬೆಳಕು ಸೀಳಿಕೊಂಡು ಹೋಗುತ್ತದೆ ಎಂಬ ಮಾತನ್ನು ಮಾತ್ರ ನಂಬಬೇಡಿ, ಮಂಜಿನ ಹನಿಗಳು ಎಲ್ಲ ಬಣ್ಣವನ್ನೂ ಹೆಚ್ಚುಕಡಿಮೆ ಒಂದೇ ರೀತಿ ಚದುರಿಸುತ್ತವೆ.

ಎಚ್‌8, ಎಚ್‌11, ಎಚ್‌16 ಬಲ್ಬುಗಳು ನೋಡಲು ಒಂದೇ ತರಹ. ಆದರೆ ಕ್ರಮವಾಗಿ 35, 55 ಮತ್ತು 19 ವಾಟ್‌ನವು. ಅದಲುಬದಲಾಗದಿರಲೆಂದೇ ತಳದ ಕಿವಿಗಳನ್ನು ಬೇರೆ ಬೇರೆ ಮಾಡಿರುತ್ತಾರೆ. ಕಿವಿಯನ್ನು ಅರದಿಂದ ಉಜ್ಜಿ ಕೂರಿಸುವ ಅಂಗಡಿಯಿಂದ ಹೊರಗೆ ಬನ್ನಿ.

ಹೆಚ್ಚಿನ ಕಾರುಗಳಲ್ಲಿ ಫಾಗ್ ಲ್ಯಾಂಪಿಗೆ ಕೈ ಹಾಕುವುದು ಚಕ್ರದ ಒಳಗಿನ ಪ್ಲಾಸ್ಟಿಕ್ ಹೊದಿಕೆಯ ಮೂಲಕ. ಬಲಗಡೆಯ ದೀಪಕ್ಕೆ ಸ್ಟಿಯರಿಂಗನ್ನು ಪೂರ್ತಿ ಎಡಕ್ಕೆ ತಿರುಗಿಸಿ, ಮುಂದಿನ ಎರಡು-ಮೂರು ಕ್ಲಿಪ್ ಕಿತ್ತು ಹೊದಿಕೆಯನ್ನು ಬಗ್ಗಿಸಿ. ಕಾರನ್ನು ಎತ್ತಿದ್ದರೆ ಜ್ಯಾಕ್ ಸ್ಟ್ಯಾಂಡ್ ಇಡದೆ ಕೈ ಹಾಕಬೇಡಿ. ಇಲ್ಲಿ ಕೆಸರು ನೀರು ನೇರವಾಗಿ ಬಡಿಯುವುದರಿಂದ ಫ್ಯಾನ್ ಇಲ್ಲದ ಬಲ್ಬೇ ಬಾಳಿಕೆಯದ್ದು. ರಬ್ಬರ್ ಸೀಲ್ ಸರಿಯಾಗಿ ಕೂತಿದೆಯೇ ನೋಡಿ, ವೈರನ್ನು ಟೈರಿಗೆ ತಾಗದಂತೆ ಕಟ್ಟಿ. ಗೋಡೆಯ ಮೇಲೆ ಫಾಗ್ ಲ್ಯಾಂಪಿನ ಮೇಲಂಚು ಹೆಡ್‌ಲೈಟಿನ ಗೆರೆಗಿಂತ ಕೆಳಗಿರಬೇಕು. ಒಳ್ಳೆಯ ಹವೆಯಲ್ಲಿ ಫಾಗ್ ಲ್ಯಾಂಪ್ ಆರಿಸಿಡಿ; ಹತ್ತಿರದ ನೆಲ ಹೆಚ್ಚು ಬೆಳಗಿದಷ್ಟೂ ಕಣ್ಣು ದೂರದ ಕತ್ತಲಿಗೆ ಕುರುಡಾಗುತ್ತದೆ.

## ಹಂತ 9: ಮಿನುಗು, ಎಚ್ಚರಿಕೆ ದೀಪ, ರೇಡಿಯೊ ಗದ್ದಲ

ಬಲ್ಬು ಸುಟ್ಟಿದೆಯೇ ಎಂದು ತಾನಾಗಿ ಪರೀಕ್ಷಿಸುವ ಕಾರುಗಳಲ್ಲಿ ಎಲ್‌ಇಡಿ ಎಳೆಯುವ ಕರೆಂಟ್ ಕಡಿಮೆಯಾದ್ದರಿಂದ ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆ ಬರುತ್ತದೆ ಅಥವಾ ಬಲ್ಬು ಮಿನುಗುತ್ತದೆ. ನಿಮ್ಮ ಬಲ್ಬಿಗೆ ಹೊಂದುವ ಡಿಕೋಡರನ್ನು (ಈ ಎಚ್ಚರಿಕೆ, ಮಿನುಗು ತಡೆಯುವ ಪುಟ್ಟ ಸಾಧನ) ಹೋಲ್ಡರ್ ಮತ್ತು ಬಲ್ಬಿನ ನಡುವೆ ಹಾಕಿ. 6 ಓಮ್ ರೆಸಿಸ್ಟರ್ ಹಾಕಿದರೆ ಅದು 13.8 ವೋಲ್ಟಿನಲ್ಲಿ ಸುಮಾರು 32 ವಾಟ್ ಶಾಖವಾಗಿ ಕಾಯುತ್ತದೆ, ಚರ್ಮ ಸುಡುವಷ್ಟು. ಬೇರೆ ದಾರಿಯಿಲ್ಲದಿದ್ದರೆ ಅದನ್ನು ಲೋಹಕ್ಕೆ ಬಿಗಿಯಿರಿ, ಪ್ಲಾಸ್ಟಿಕ್ಕಿಗಾಗಲಿ ವೈರಿನ ಕಟ್ಟಿಗಾಗಲಿ ತಾಗಿಸಬೇಡಿ. ದೀಪ ಹತ್ತಿದೊಡನೆ ಎಫ್‌ಎಂ ಗರಗರ ಎಂದರೆ ಬಲ್ಬಿನ ಡ್ರೈವರ್ ಕಳಪೆಯದು. ವೈರಿಗೆ ಫೆರೈಟ್ ಕ್ಲಿಪ್ (ಗದ್ದಲ ತಡೆಯುವ ಬಿಲ್ಲೆ) ಹಾಕಿ ನೋಡಿ, ನಿಲ್ಲದಿದ್ದರೆ ಬದಲಿಸಿ.

## ಹಂತ 10: ಮೊದಲ ತಿಂಗಳು ಗಮನಿಸಬೇಕಾದ ಲಕ್ಷಣಗಳು

ಎಲ್‌ಇಡಿಯ ಶಾಖ ಹಿಂದಕ್ಕೆ ಹೋಗುತ್ತದೆ, ಮುಂದಿನ ಪ್ಲಾಸ್ಟಿಕ್ ಹ್ಯಾಲೊಜನ್ನಿನಂತೆ ಬೆಚ್ಚಗಾಗುವುದಿಲ್ಲ. ಆದ್ದರಿಂದ ಮಲೆನಾಡಿನ ಮಳೆಗಾಲದಲ್ಲಿ ಹೆಡ್‌ಲೈಟಿನ ಒಳಗೆ ತೆಳು ಆವಿ ಕಂಡು ಒಂದೆರಡು ದಿನದಲ್ಲಿ ಹೋದರೆ ಚಿಂತಿಸಬೇಕಿಲ್ಲ. ಹನಿಗಟ್ಟಿ ತಳದಲ್ಲಿ ನೀರು ನಿಂತರೆ ರಬ್ಬರ್ ಕವರ್ ಸರಿಯಾಗಿ ಕೂತಿಲ್ಲ. ಒಂದು ಬಲ್ಬಿನ ಬಣ್ಣ ಇನ್ನೊಂದಕ್ಕಿಂತ ನೀಲಿಯಾಗುತ್ತಿದ್ದರೆ ಅದು ಬಿಸಿಗೆ ಸೋಲುತ್ತಿದೆ. ಹೋಲ್ಡರ್ ಮುಟ್ಟಿದರೆ ಸುಡುವಂತಿದ್ದರೆ, ಫ್ಯಾನ್ ಕಿರುಗುಟ್ಟಿದರೆ, ಗುಂಡಿ ಹಾರಿಸಿದಾಗ ಬೆಳಕು ಕ್ಷಣ ಕಾಲ ಹೋಗಿಬಂದರೆ ಓಡಾಟ ಮುಂದುವರಿಸದೆ ಬಿಚ್ಚಿ ನೋಡಿ. ಎದುರಿನವರು ಪದೇ ಪದೇ ಡಿಪ್ ಹೊಡೆಯುತ್ತಿದ್ದರೆ ಏಳನೇ ಹಂತವನ್ನು ಮತ್ತೆ ಮಾಡಿ.

ಕಳಚಿದ ಹ್ಯಾಲೊಜನ್ ಬಲ್ಬುಗಳನ್ನು ಅವುಗಳ ಡಬ್ಬಿಯಲ್ಲೇ ಇಟ್ಟು, ಸ್ಕ್ರೂಡ್ರೈವರ್ ಸಮೇತ ಗ್ಲೋವ್ ಬಾಕ್ಸಿನಲ್ಲಿಡಿ. ಎಲ್‌ಇಡಿ ಕೆಟ್ಟಾಗ ಅದನ್ನು ರಿಪೇರಿ ಮಾಡುವವರು ಹೆದ್ದಾರಿಯ ಬದಿಯಲ್ಲಿ ಸಿಗುವುದಿಲ್ಲ. ಕವರ್ ಮತ್ತು ವೈರಿಂಗ್ ಎರಡನ್ನೂ ಕತ್ತರಿಸದೆ ಕೆಲಸ ಮುಗಿಸಿದ್ದರೆ, ಹಳೆಯ ಬಲ್ಬನ್ನು ಹಾಕಲು ಕಾಲು ಗಂಟೆ ಸಾಕು.